ನಡುವೆ ಮೊಸರಿನ ಗಡಿಗೆ

ಬಾಗೇವಾಡಿ ಬಸ್ ನಿಲ್ದಾಣದ ಎದುರು ಅಮೋಘಸಿದ್ಧ ಮತ್ತೆ ಗಕ್ಕನೆ ಬ್ರೇಕು ಹಾಕಿದ, ನಾನು ಮತ್ತೆ ಅವನ ಬೆನ್ನಿಗೆ ಬಿದ್ದೆ. ಚಹಾದಂಗಡಿಯ ಮುಂದೆ ಕೂತವರೆಲ್ಲ ನೋಡಿದರು. ಒಬ್ಬ ಮೀಸೆಯಡಿ ನಕ್ಕ. ನನ್ನ ಮೈಯೆಲ್ಲ ಉರಿದುಹೋಯಿತು.

ಮುಳವಾಡದಲ್ಲಿದ್ದ ಬಸುರಿ ಅಕ್ಕನಿಗೆ ಗಟ್ಟಿ ಮೊಸರು ಮುಟ್ಟಿಸಬೇಕಿತ್ತು. ನಮ್ಮೂರು ಹೂವಿನ ಹಿಪ್ಪರಗಿಯಲ್ಲಿ ಬಸ್ಸು ಕೆಟ್ಟು ನಿಂತಿತ್ತು. "ಹೆಂಗೂ ನಾಳಿ ನಿಮ್ಮಿಬ್ಬರ ನಿಶ್ಚಯದ ಸಕ್ಕರಿ ಹಂಚೂದೈತಿ, ಹೋಗಿ ಬರ್ರಿ" ಎಂದು ಅವ್ವ ನನ್ನನ್ನು ಅವನ ಹೊಸ ರಾಜದೂತಿನ ಮೇಲೆ, ನಡುವೆ ಗಡಿಗೆ ಇಟ್ಟು ಕೂರಿಸಿದಳು. ಎಪ್ಪತ್ತೈದರಲ್ಲಿ ನಮ್ಮ ಕಡೆ ಮೋಟಾರ್ ಸೈಕಲ್ ಬಂದರೆ ಜನ ಕೆಲಸ ಬಿಟ್ಟು ನೋಡುತ್ತಿದ್ದರು.

ಅವನು ನನ್ನ ಸೋದರತ್ತೆಯ ಮಗ, ಹೊಲ ಮತ್ತು ಎತ್ತುಗಳ ಜೊತೆ ಬೆಳೆದವನು. ನಾನು ಬಸ್ ಡ್ರೈವರ್ ಚಂದಪ್ಪನ ಮಗಳು. ಅಪ್ಪ ಬಸ್ಸು ನಿಲ್ಲಿಸಿದರೆ ನಿದ್ದೆಹೋದ ಕೂಸು ಏಳುತ್ತಿರಲಿಲ್ಲ. ಅಪ್ಪನ ಸೀಟಿನ ಹಿಂದೆ ಕೂತು ಬೆಳೆದ ನನಗೆ, ಯಾರಾದರೂ ಅರಿಯದೆ ಹೀಗೆ ಬ್ರೇಕು ಹಾಕುತ್ತಾರೆ ಎಂದರೆ ನಂಬಿಕೆ ಬರಬೇಕಲ್ಲ. ಅಮೋಘಸಿದ್ಧ ಬೇಕೆಂದೇ ಹಾಕುತ್ತಿದ್ದ, ಹುಡುಗಿ ಬೆನ್ನಿಗೆ ಬೀಳಲಿ ಎಂದು.

ಊರು ದಾಟಿದ ಮೇಲೆ ನಿಲ್ಲಿಸು ಎಂದೆ. ನಿಲ್ಲಿಸಿದ. ಮತ್ತೆ ಬಿದ್ದೆ. ಗಡಿಗೆಯ ಬಾಯಿಗೆ ಕಟ್ಟಿದ ಅರಿವೆ ಸಡಿಲಾಗಿ ಮೊಸರು ಅವನ ಅಂಗಿಗೆ ಚೆಲ್ಲಿತು.

"ನಾಚಿಕಿ ಇಲ್ಲೇನ್ ಮಾವ ನಿನಗ?"

"ನಾ ಏನ್ ಮಾಡೇನಿ?"

"ಮಂದ್ಯಾಗ ನನ್ನನ್ನ ನಿನ್ನ ಬೆನ್ನಿಗೆ ಬೀಳಿಸ್ಕೋತಿಯಲ್ಲ, ಅದ. ನಾಳಿ ಸಕ್ಕರಿ ಹಂಚೂದಿಲ್ಲ. ಅಪ್ಪಗ ಹೇಳ್ತೇನಿ."

ಅವನ ಮುಖ ಕೆಂಪಾಯಿತು. "ಹೇಳ್ಕೊ. ದಾರಿ ತುಂಬ ಗಡಿಗೀಲೆ ಬೆನ್ನಾಗ ತಿವಿದಿ. ಲಗ್ನ ಒಲ್ಲೆ ಅಂದ್ರ ಬಾಯಿಲೆ ಹೇಳಬೇಕಿತ್ತು."

ಗಡಿಗೆಯನ್ನು ಟೊಂಕದ ಮೇಲಿಟ್ಟುಕೊಂಡು ನಡೆದೇಬಿಟ್ಟೆ. ಎರಡೂ ಬದಿಗೆ ಎದೆಮಟ್ಟದ ಜೋಳ. ಕಣ್ಣಲ್ಲಿ ನೀರು ಬಂದದ್ದು ಸಿಟ್ಟಿಗೆ. ಆ ಬೆನ್ನು ನನಗೆ ಇಷ್ಟ, ಸಣ್ಣಂದಿನಿಂದಲೂ ಇಷ್ಟ. ನಾನಾಗಿ ಒರಗಬೇಕೆಂದುಕೊಂಡಿದ್ದ ಬೆನ್ನಿಗೆ ನನ್ನನ್ನು ಜೋಳದ ಚೀಲ ಎಸೆದಂತೆ ಎಸೆದಿದ್ದ.

ಹಿಂದೆ ಗಾಡಿಯ ಸದ್ದಾಯಿತು. ತಿರುಗಿ ನೋಡಿದೆ. ನನ್ನ ಪಕ್ಕ ನಿಲ್ಲಿಸಲೆಂದು ಎರಡೂ ಮೊಣಕೈ ಹಿಂದಕ್ಕೆ ತಂದು, ಕ್ಲಚ್ಚನ್ನೂ ಮುಂದಿನ ಬ್ರೇಕನ್ನೂ ಒಟ್ಟಿಗೆ ಬಲವಾಗಿ ಜಗ್ಗಿದ. ಬಾಯಿಂದ "ಹೋ, ಹೋ" ಎಂದು ಬಂತು. ಗಾಡಿ ಮುಂದಕ್ಕೆ ಮುಗ್ಗರಿಸಿತು. ಅವನ ಎದೆ ಹ್ಯಾಂಡಲ್ಲಿಗೆ ಬಡಿಯಿತು.

ಬೀಳಲು ಹಿಂದೆ ಹುಡುಗಿ ಇರಲಿಲ್ಲ, ಆದರೂ ಅದೇ ಬ್ರೇಕು. ಅವನು ಎತ್ತಿನ ಹಗ್ಗ ಜಗ್ಗುತ್ತಿದ್ದ.

"ಅಂದ್ರ, ನೀ ಬೇಕಂತ ಹಾಕ್ತಿದ್ದಿಲ್ಲ?"

"ಬೇಕಂತ ಯಾರ್ ಬೆನ್ನ ಮುರಕೋತಾರ?" ಅಂಗಿ ಎತ್ತಿ ತೋರಿಸಿದ. ಬೆನ್ನ ಮೇಲೆ ಗಡಿಗೆಯ ಅಂಚಿನ ಕೆಂಪು ಗುರುತುಗಳು.

ನನಗೆ ನಗು ಬರಬೇಕಿತ್ತು, ಸಿಟ್ಟೇ ಇನ್ನಷ್ಟು ಬಂತು. ದಾರಿಯುದ್ದಕ್ಕೂ ಮೇಲೆ ಬಿದ್ದರೂ ಇವನಿಗೆ ತಿಳಿದದ್ದು ಗಡಿಗೆಯೊಂದೇ.

"ಯಾರ್ ಕಲಿಸಿದ್ರು ನಿನಗ?"

"ಯಾರೂ ಇಲ್ಲ. ಹೊಲದಾಗ ನಾನ ಕಲ್ತೇನಿ."

"ಕಾಣಸ್ತೈತಿ. ಇದಕ್ಕ ಮೂಗುದಾಣ ಇಲ್ಲ, ಎರಡೂ ಕೈ ಒಮ್ಮೆಲೆ ಜಗ್ಗಬ್ಯಾಡ. ಮೊದಲ ರೇಸ್ ಕಡಿಮಿ ಮಾಡು, ಇಂಜಿನ್ ತಾನ ಗಾಡಿ ಹಿಡೀತೈತಿ. ಕಾಲಿನ ಬ್ರೇಕ್ ಮೆಲ್ಲಕ ಒತ್ತು, ಅದರ ಸಂಗಾಟ ಕೈದೂ ಸ್ವಲ್ಪ ಸ್ವಲ್ಪ. ಸಾವಕಾಶ ಆದಂಗ ಕ್ಲಚ್ ಹಿಡಿದು ಗೇರ್ ಇಳಿಸು, ಮೆತ್ತಗ ಬಿಡು. ನಿಲ್ಲೂ ಹೊತ್ತಿಗೆ ಕ್ಲಚ್ ಪೂರ್ತಿ ಹಿಡಿ."

"ಡ್ರೈವರ್ ಮಗಳು ಅಂತ ಸೊಕ್ಕ ಭಾಳ ಐತಿ."

"ಐತಿ. ಹಚ್ಚು ಗಾಡಿ."

ಬೇವಿನ ಗಿಡದ ತನಕ ಹೋಗಿ ನಿಲ್ಲಿಸಿದ, ತಿರುಗಿ ಬಂದು ನಿಲ್ಲಿಸಿದ. ಒಮ್ಮೆ ಇಂಜಿನ್ ಬಂದ್ ಆಯಿತು, ಒಮ್ಮೆ ಗಾಡಿ ಜಿಗಿಯಿತು. ನಾನು ಬೈದೆ, ಅವನೂ ಬೈದ. ಆದರೂ ನಿಂತ ಕೂಡಲೇ ಅವನ ಕಣ್ಣು ನನ್ನತ್ತ ತಿರುಗುತ್ತಿತ್ತು, ಬರೆದ ಪಾಟಿಯನ್ನು ಮಾಸ್ತರರಿಗೆ ತೋರಿಸುವ ಸಾಲಿ ಹುಡುಗನ ಹಾಗೆ. ಆ ನೋಟಕ್ಕೆ ನಾನು ಮುಖ ತಿರುಗಿಸಿದೆ, ಪೂರ್ತಿ ತಿರುಗಿಸಲಿಲ್ಲ.

ಗಡಿಗೆ ನಡುವೆ ಇಟ್ಟುಕೊಂಡು ಮತ್ತೆ ಹತ್ತಿ ಕೂತೆ. ಮುಳವಾಡ ಬಂತು. ಅಕ್ಕನ ಮನೆ ಹತ್ತಿರವಾದಾಗ ಗೇರು ಇಳಿದದ್ದು ಕಿವಿಗೆ ಕೇಳಿತು, ಮೈಗೆ ತಿಳಿಯಲಿಲ್ಲ. ಗಾಡಿ ನಿಂತಿತು. ಮೊಸರು ಅಲುಗಲಿಲ್ಲ. ನನಗೂ ಅವನ ಬೆನ್ನಿಗೂ ನಡುವೆ ಗಡಿಗೆಯಷ್ಟು ಜಾಗ ಹಾಗೇ ಉಳಿಯಿತು. ಆ ಜಾಗದ ಮೇಲೂ ಸಿಟ್ಟು ಬಂತು.

"ಈಗರೆ ಸಮಾಧಾನ ಆತಿಲ್ಲೊ?" ತಿರುಗದೆ ಕೇಳಿದ. ದನಿ ಸಣ್ಣದಾಗಿತ್ತು. "ನಿಮ್ಮಪ್ಪಗ ಏನ್ ಹೇಳ್ತಿ?"

ಅಕ್ಕ ಬಾಗಿಲಿಗೆ ಬಂದಿದ್ದಳು. ಎದುರು ಕಟ್ಟೆಯ ಮೇಲೆ ನೆರೆಯವರು ಕೂತಿದ್ದರು. ನೋಡಿದರೆ ನೋಡಲಿ ಎಂದು ಗಡಿಗೆಯನ್ನು ತೊಡೆಯ ಮೇಲೆ ತೆಗೆದುಕೊಂಡೆ. ಕೆಂಪು ಗುರುತಿದ್ದ ಕಡೆ ತಪ್ಪಿಸಿ, ಅವನ ಬೆನ್ನಿಗೆ ಹಣೆ ಇಟ್ಟೆ.

"ರೇವಿ, ಗಾಡಿ ನಿಂತೈತಿ" ಎಂದ, ಗಾಬರಿಯಾಗಿ.

"ಗೊತ್ತೈತಿ" ಎಂದೆ. "ಸುಮ್ನ ಕೂಡು."