ಮಸಿಯ ಬಿಳಿ ಮೀಸೆ

“ಅಲ್ಲಾಡಬೇಡ ಕಣೋ! ಒಂದೇ ಒಂದು ನಿಮಿಷ!”

ಮಸಿ ಕೇಳಬೇಕಲ್ಲ? ಕುತ್ತಿಗೆಗೆ ಕಟ್ಟಿದ್ದ ಕೆಂಪು ರಿಬ್ಬನ್ನನ್ನು ಕಚ್ಚಿಕೊಂಡು ಗಿರಗಿರ ಸುತ್ತಿ, ದೊಪ್ಪನೆ ಮಂಚದಿಂದ ಉರುಳಿತು. ಚೂಟಿಯ ಕೈಯಲ್ಲಿದ್ದ ಫೋನಿಗೆ ಸಿಕ್ಕಿದ್ದು ಬಾಲದ ತುದಿ ಮಾತ್ರ.

ಮನೆಯ ಬೆಕ್ಕು ಮೂರು ಮರಿ ಹಾಕಿತ್ತು. “ತಾಯಿ ಇರಲಿ. ಮರಿಗಳನ್ನ ಭಾನುವಾರದೊಳಗೆ ಕೊಟ್ಬಿಡಿ. ಇಲ್ಲಾಂದ್ರೆ ನಾನೇ ಮಾರ್ಕೆಟ್ ಹತ್ರ ಬಿಟ್ಟು ಬರ್ತೀನಿ,” ಎಂದು ಕೆಳಗಿನ ಮನೆಯ ಓನರ್ ಆಂಟಿ ಖಡಾಖಂಡಿತವಾಗಿ ಹೇಳಿದ್ದರು. ಎರಡು ಬಿಳಿ ಮರಿಗಳ ಫೋಟೊ ಕ್ಲಾಸಿನ ಗ್ರೂಪಿಗೆ ಹಾಕಿದ್ದೇ ತಡ, ನಾ ಮುಂದು ತಾ ಮುಂದು ಎಂದು ಬಂದು ಎತ್ತಿಕೊಂಡು ಹೋದರು.

ಉಳಿದದ್ದು ಕಪ್ಪು ಮರಿ, ಮಸಿ. ನಾಳೆಯೇ ಭಾನುವಾರ.

ಮಸಿಯ ಫೋಟೊಗೂ ಉತ್ತರ ಬಂದಿತ್ತು. ‘ಇದು ಬೆಕ್ಕಾ, ನೆಲ ಒರೆಸೋ ಬಟ್ಟೆನಾ?’ ಎಂದು ಒಬ್ಬಳು. ‘ಕಣ್ಣಿರೋ ಸಾಕ್ಸ್!’ ಎಂದು ಕ್ಲಾಸಿನಲ್ಲಿ ಯಾವಾಗಲೂ ತೂಕಡಿಸಿ ‘ಗೊರಕೆ’ ಎಂದೇ ಹೆಸರಾದ ಹುಡುಗ.

ಚೂಟಿ ಬಿಳಿ ದುಪ್ಪಟಿ ಹಾಸಿ ನೋಡಿದಳು. ಮಸಿ ಇನ್ನೂ ಕಪ್ಪಾಯಿತು. ಫ್ಲ್ಯಾಶ್ ಹಾಕಿದರೆ ಕಣ್ಣೆರಡೂ ಹಸಿರು ದೆವ್ವದ ಹಾಗೆ ಹೊಳೆದವು.

“ಅಮ್ಮಾ, ಇದರ ಮುಖಾನೇ ಕಾಣಲ್ಲ!” ಚೂಟಿ ಫೋನನ್ನು ಅಮ್ಮನ ಕಡೆ ಚಾಚಿದಳು.

ಹೊಲಿಯುತ್ತಿದ್ದ ಅಮ್ಮ ಮೆಷಿನ್ ನಿಲ್ಲಿಸಲಿಲ್ಲ. “ಕರಿ ಬಟ್ಟೆಗೆ ಕರಿ ದಾರದಲ್ಲಿ ಹೊಲಿಯೋವಾಗ ನಾನೆಲ್ಲಿ ಕೂರ್ತೀನಿ?”

“ಕಿಟಕಿ ಹತ್ರ.”

“ಮತ್ತೆ?”

ಚೂಟಿ ರಿಬ್ಬನ್ ಬಿಚ್ಚಿದಳು. ಮಸಿಯನ್ನು ಕಿಟಕಿಯ ಕೆಳಗೆ ಬಿಟ್ಟು, ತಾನೂ ನೆಲದ ಮೇಲೆ ಬೋರಲಾಗಿ ಮಲಗಿದಳು. ಮೂಗಿಗೆ ಮೂಗು. ಕರೆಯಲಿಲ್ಲ, ಚಿಟಿಕೆ ಹೊಡೆಯಲಿಲ್ಲ. ಮಸಿ ಕಾಲು ನೆಕ್ಕಿತು, ಆಕಳಿಸಿತು, ಆಮೇಲೆ ತಾನಾಗಿಯೇ ಅವಳನ್ನು ನೋಡಿತು.

ಕ್ಲಿಕ್.

ಫೋಟೊ ನೋಡಿ ಚೂಟಿ ಬೆರಗಾದಳು. ಮಸಿ ಪೂರ್ತಿ ಕಪ್ಪೇ ಅಲ್ಲ! ಬೆನ್ನ ಮೇಲೆ ಬೆಲ್ಲದ ಬಣ್ಣ. ಮೀಸೆಯಲ್ಲಿ ಒಂದೇ ಒಂದು ಎಳೆ ಬಿಳಿ. ಇಷ್ಟು ದಿನ ಮಡಿಲಲ್ಲಿಟ್ಟುಕೊಂಡೂ ಅವಳು ಅದನ್ನು ನೋಡಿರಲಿಲ್ಲ.

“ಬಂತಾ?” ಅಮ್ಮ ಕೇಳಿದರು.

“ಬಂತು. ತುಂಬಾ ಚೆನ್ನಾಗಿ ಬಂತು.”

“ಹಾಗಾದ್ರೆ ಕಳಿಸು.”

ಹೆಬ್ಬೆರಳು ಮುಂದೆ ಹೋಗಲಿಲ್ಲ. ಇಷ್ಟು ಚೆನ್ನಾಗಿದ್ದರೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಮೆಷಿನ್ ನಿಂತಿತು.

ಚೂಟಿ ಕಣ್ಣು ಮುಚ್ಚಿಕೊಂಡು ಒತ್ತಿದಳು.

ಸ್ವಲ್ಪ ಹೊತ್ತಿಗೆ ಗೊರಕೆಯ ಮೆಸೇಜ್. ‘ಇದು ಸಾಕ್ಸ್ ಅಲ್ಲ ಕಣೆ. ನಂಗೆ ಬೇಕು. ಅಪ್ಪ ಹೂಂ ಅಂದ್ರು. ನಾಳೆ ಬರ್ತೀವಿ. ಇದಕ್ಕೆ ಎಲ್ಲಿ ಮಲಗೋದು ಇಷ್ಟ?’

ಎಲ್ಲಿ ಎಂದು ಚೂಟಿ ಯೋಚಿಸಬೇಕಾಗಲಿಲ್ಲ. ‘ಕಿಟಕಿ ಹತ್ರ, ಬಿಸಿಲು ಬೀಳೋ ಕಡೆ. ನೀನೂ ಪಕ್ಕದಲ್ಲೇ ಮಲಗು. ಮೀಸೆ ಸರಿಯಾಗಿ ನೋಡು,’ ಎಂದು ಬರೆದಳು.

ಫೋನ್ ಪಕ್ಕಕ್ಕಿಟ್ಟಳು. ನೆಲದ ಮೇಲಿನ ಬಿಸಿಲು ಒಂದಿಷ್ಟು ಜರುಗಿತ್ತು. ಮಸಿ ಅದರ ಹಿಂದೆಯೇ ಜರುಗಿತು. ಚೂಟಿಯೂ ಜರುಗಿದಳು.