ಬೇವಿನ ಬುಡಕ್ಕೆ ಗರಡಿ ಮಣ್ಣು

ಕುರುಗೋಡಿನ ನಮ್ಮ ಕುಸ್ತಿ ಸಂಘದ ಬೇವಿನ ಸಸಿಗಳೆಲ್ಲ ಒಣಗಿ ನಿಂತಿದ್ದವು. ನೀರಿತ್ತು, ಬೇಲಿಯಿತ್ತು— ಆದರೂ ಸತ್ತಿದ್ದವು. ಬೇಲಿ ದಾಟಿ ನುಗ್ಗಿದ ಆಡುಗಳೆರಡು ಬುಡದ ಮಣ್ಣು ನೆಕ್ಕುತ್ತಿದ್ದವು. ಓಡಿಸಿದೆ.

ಗಣಿಯ ದುಡ್ಡು ಹೊಳೆಯಾಗಿ ಹರಿಯುತ್ತಿದ್ದ ಕಾಲ. ಗುಡ್ಡ ಅಗೆಯುವ ಗಣಿ ಕಂಪನಿಯವರೇ ‘ಹವಾಮಾನ ಕಾಪಾಡಿ’ ಎಂದು ಊರ ಕ್ರೀಡಾ ಸಂಘಗಳಿಗೆ ಸಹಾಯಧನ ಕೊಡುತ್ತಿದ್ದರು. ಮಗುವನ್ನು ಚಿವುಟಿ ತೊಟ್ಟಿಲು ತೂಗುವುದೆಂದರೆ ಇದೇ. ಸಸಿ ನೆಟ್ಟು ಉಳಿಸಿದರೆ ಸಂಘಕ್ಕೆ ಸೋಲಾರ್ ಪಂಪು ಕೊಡುತ್ತೇವೆ ಎಂದಿದ್ದರು. ಈಗ ಅವರದು ಒಂದೇ ಮಾತು— ಹಾಳು ಮಾಡಿದವನನ್ನು ಸಂಘದಿಂದ ತೆಗೆಯಿರಿ, ಇಲ್ಲವೇ ನೆರವು ಮರೆಯಿರಿ.

ಎಲ್ಲರ ಬೆರಳು ಖಲಂದರ್ ಕಡೆಗೆ. ಸಿರುಗುಪ್ಪದವನು, ನಮ್ಮ ಒಳ್ಳೆಯ ಪೈಲ್ವಾನ. ಹಗಲು ಅದಿರಿನ ಲಾರಿ ಓಡಿಸುತ್ತಿದ್ದ. ಲಾರಿ ತೊಳೆದ ಡೀಸೆಲ್ ನೀರನ್ನು ಸಸಿಗಳ ಬುಡಕ್ಕೆ ಚೆಲ್ಲಿದ್ದಾನೆ ಎಂದರು. ಕಾರ್ಯದರ್ಶಿಯಾದ ನಾನೂ ಹೌದೆಂದು ತಲೆಯಾಡಿಸಿದೆ.

ಬಳ್ಳಾರಿಯ ಬ್ರೂಸ್‌ಪೇಟೆಯಿಂದ ನನ್ನ ಅಕ್ಕ ಸುವರ್ಣಮ್ಮ ಬಂದಳು. ಪೊಲೀಸ್ ಕೆಲಸ ಬಿಟ್ಟಿದ್ದರೂ ಪ್ರಶ್ನೆ ಕೇಳುವ ಚಟ ಬಿಟ್ಟಿರಲಿಲ್ಲ. ಖಲಂದರ್‌ನನ್ನು ಸಸಿಗಳ ಬಳಿ ಕರೆಸಿದಳು.

“ಡೀಸೆಲ್ ನೀರು ನೀ ಚೆಲ್ಲಿದ್ಯೇನು?”

“ಇಲ್ರಿ ಅಕ್ಕಾ.”

“ಮತ್ತ ಯಾರು?”

ಖಲಂದರ್ ನೆಲ ನೋಡಿದ. “ಗೊತ್ತಿಲ್ರಿ.”

ಅಕ್ಕ ಸಸಿಯ ಬುಡದ ಮಣ್ಣು ಮೂಸಿದಳು. “ವೆಂಕಣ್ಣ, ಇದನ್ನ ಆಡು ನೆಕ್ಕಿದ್ವು ಅಂದಿ?”

“ಹೂಂ.”

ಅವಳು ನೇರ ಗರಡಿಯೊಳಗೆ ನಡೆದಳು. ಅಲ್ಲಿ ನಮಗೆಲ್ಲ ಪಟ್ಟು ಕಲಿಸಿದ ಹಿರಿಯರು, ಜಿಲಾನಿ ಉಸ್ತಾದರು, ಕೂತಿದ್ದರು.

“ಉಸ್ತಾದ್, ಅಖಾಡದ ಮಣ್ಣು ಹೊಸದು ಕಾಣ್ತೈತಿ. ಹಳೇದು ಎಲ್ಲಿ ಹಾಕಿದ್ರಿ?”

ಉಸ್ತಾದರು ಅಖಾಡದ ಮಣ್ಣನ್ನು ಅಂಗೈಯಿಂದ ಸವರಿದರು.

“ಡೀಸೆಲ್ ಬಿದ್ದ ಮಣ್ಣಿಗಿ ಆಡು ಬಾಯಿ ಹಚ್ಚಂಗಿಲ್ಲ. ಅದು ನೆಕ್ಕೋದು ಉಪ್ಪಿಗೆ. ಎಣ್ಣಿ, ಅರಿಶಿನ, ಉಪ್ಪು ಹಾಕಿ ಹದ ಮಾಡೋದು ಗರಡಿ ಮಣ್ಣು ಒಂದ. ಅದು ಪೂಜೆ ಮಾಡೋ ಮಣ್ಣು, ಯಾರೂ ತುಳೀಬಾರದು ಅಂತ ಗಿಡದ ಬುಡಕ್ಕ ಹಾಕಿದ್ರಿ. ಆ ಉಪ್ಪಿಗೇ ಸಸಿ ಒಣಗಿದ್ವು. ಹೌದಲ್ರಿ?”

“ಒಳ್ಳೇದಾಗ್ಲಿ ಅಂತ ಹಾಕಿದ್ದೆ ಅವ್ವಾ.” ಉಸ್ತಾದರು ಒಪ್ಪಿಕೊಂಡರು. “ಎಲಿ ಹಳದಿ ಆದಾಗ ಗೊತ್ತಾತು. ಅಷ್ಟೊತ್ತಿಗಿ ಖಲಂದರ್ ಹೆಸರು ಎದ್ದಿತ್ತು. ನಾ ಸುಮ್ನಾದೆ. ಅದ ನನ್ನ ತಪ್ಪು, ನನ್ನ ಗುನ್ನಾ.”

ಅಕ್ಕ ನಮ್ಮ ಹಿಂದೆ ಬಂದು ಬಾಗಿಲಲ್ಲಿ ನಿಂತವನ ಕಡೆ ತಿರುಗಿದಳು. “ಖಲಂದರ್, ಆಗ ನೀ ನೆಲ ನೋಡಿದಾಗ್ಲೇ ತಿಳೀತು, ಇವ್ರು ಮಣ್ಣು ಹಾಕೋದನ್ನ ನೀ ನೋಡಿದ್ದಿ. ಯಾಕ ಹೇಳಲಿಲ್ಲ?”

“ಉಸ್ತಾದ್ ತಾವ ಹೇಳ್ತಾರ ಅಂತ ಕಾಯ್ತಿದ್ದೆ ರೀ.”

ಉಸ್ತಾದರು ನನ್ನತ್ತ ಕೈ ಚಾಚಿದರು. “ವೆಂಕಣ್ಣ, ಗಣಿಯವ್ರಿಗೆ ಫೋನ್ ಹಚ್ಚಪ್ಪಾ. ನನ್ನ ಹೆಸರು ನಾನ ಹೇಳ್ತೀನಿ.”

ಹಚ್ಚಿಕೊಟ್ಟೆ. ಅವರು ಹೆಸರು ಹೇಳುವಾಗ ಖಲಂದರ್ ನನ್ನ ಪಕ್ಕದಲ್ಲೇ ನಿಂತಿದ್ದ. ಅವನತ್ತ ತಿರುಗಲು ನನಗೆ ಮುಖವಿರಲಿಲ್ಲ.