ಲಿಂಬೆಹಣ್ಣು ದಾಟಿದ ಗಾಡಿ

ಎಂಬತ್ತು ದಾಟಿದ್ದೇ ತಡ, ಸ್ಟೀರಿಂಗ್ ನಡುಗಲು ಶುರುವಾಯಿತು.

ಹಿಂದಿನ ಸೀಟಿನಿಂದ ಒಂದು ದಪ್ಪ ಕೈ ಬಂದು ನನ್ನ ಕುತ್ತಿಗೆ ಹಿಡಿದಿತ್ತು.

"ಡಿಕ್ಕಿ ಮ್ಯಾಟ್ ಎತ್ತಿ ನೋಡಿದೆಲ್ಲ... ಏನ್ ಕಂಡ್ತು?"

"ಏನಿಲ್ರಿ ಅಣ್ಣಾ..."

"ಸುಳ್ಳು ಹೇಳಬ್ಯಾಡ."

ಹಿಡಿತ ಬಿಗಿಯಾಯಿತು. ಕೊಟ್ಟೂರಿನಿಂದ ಕೂಡ್ಲಿಗಿ ಕಡೆ ಹೋಗುವ ರಸ್ತೆ. ಎರಡೂ ಬದಿ ಜೋಳದ ಹೊಲ, ಒಂದು ನರಪಿಳ್ಳೆ ಇಲ್ಲ. ಟೆಸ್ಟ್ ಡ್ರೈವ್ ಅಂತ ಕರೆದುಕೊಂಡು ಬಂದಿದ್ದ.

ನನ್ನ ಕೆಲಸ ಇಷ್ಟೇ. ಹಳೇ ಕಾರು ಕೊಳ್ಳುವವರ ಪರವಾಗಿ ಹೋಗಿ ಗಾಡಿ ನೋಡುವುದು, ತಗೊಳ್ಳಿ ಅಥವಾ ಬೇಡ ಅನ್ನುವುದು. ಇವತ್ತಿನ ಗಿರಾಕಿ ಸುಕನ್ಯಾ, ಹಡಗಲಿಯ ನರ್ಸ್. ಹಿಂದೆ ಕೂತವನು ಪಾಲಾಕ್ಷಪ್ಪ, ಗಾಡಿ ಮಾರುವವನು.

ಮ್ಯಾಟಿನ ಕೆಳಗೆ ಕಂಡದ್ದು ಹಸಿ ವೆಲ್ಡಿಂಗ್. ಆಕ್ಸಿಡೆಂಟಾದ ಎರಡು ಕಾರು. ಒಂದರ ಮುಂದಿನ ಅರ್ಧ, ಇನ್ನೊಂದರ ಹಿಂದಿನ ಅರ್ಧ. ಕತ್ತರಿಸಿ, ಬೆಸೆದು, ಬಣ್ಣ ಹೊಡೆದಿದ್ದಾರೆ. ಒಂದು ದೊಡ್ಡ ಗುಂಡಿ ಸಾಕು, ಎರಡೂ ತಮ್ಮ ತಮ್ಮ ದಾರಿ ಹಿಡಿಯುತ್ತವೆ. ಒಳಗೆ ಸುಕನ್ಯಾಳ ಮಕ್ಕಳಿರುತ್ತಾರೆ.

"ನಿನ್ನ ಮಗಳು, ಕ್ರಾಂತಿ, ಕಾಲೇಜಿಗೆ ಹೊಕ್ಕಾಳಲ್ಲ," ಅಂದ ಪಾಲಾಕ್ಷಪ್ಪ ಮೆಲ್ಲಗೆ. "ದಿನಾ ಮುಂಜಾನಿ ಕೂಡ್ಲಿಗಿ ಬಸ್‌ಸ್ಟ್ಯಾಂಡಿನ್ಯಾಗ ಒಬ್ಬಾಕೀನ ನಿಂತಿರ್ತಾಳ."

ನಾನು ಗಾಡಿಯ ವೇಗ ಇಳಿಸಿದೆ.

"ಗಾಡಿ ಚಲೋ ಐತಿ ಅಂತ ಹೇಳು. ಅದರ ಮ್ಯಾಲೆ ಒಂದು ಮಾತೂ ಬ್ಯಾಡ."

"ಆತ್ರಿ ಅಣ್ಣಾ."

ಹೌದು, ಹೆದರಿದೆ. ನೀವಾಗಿದ್ದರೂ ಹೆದರುತ್ತಿದ್ದಿರಿ.

ಕೊಟ್ಟೂರಿನ ಗುಡಿ ಬೀದಿಯಲ್ಲಿ ಸುಕನ್ಯಾ ಮಕ್ಕಳೊಂದಿಗೆ ಕಾಯುತ್ತಿದ್ದಳು. ಅವಳ ಅತ್ತೆ ನಾಗಲಿಂಗಮ್ಮ ದೊಡ್ಡ ಚರಿಗೆಯ ತುಂಬ ಆರತಿಯ ಕೆಂಪು ನೀರು ಕಲಸಿಟ್ಟಿದ್ದಳು. ಪೂಜೆ ಮುಗಿಸಿ, ದುಡ್ಡು ಕೊಟ್ಟು, ಗಾಡಿ ಒಯ್ಯುವ ತಯಾರಿ.

"ಹೆಂಗೈತ್ರಿ ಗಾಡಿ?" ಅಂದಳು ಸುಕನ್ಯಾ.

ಪಾಲಾಕ್ಷಪ್ಪ ನನ್ನನ್ನೇ ನೋಡುತ್ತಿದ್ದ.

"ಚಲೋ ಐತ್ರಿ," ಅಂದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ನಾಲ್ಕೂ ಚಕ್ರಕ್ಕೆ ಲಿಂಬೆಹಣ್ಣು ಇಟ್ಟರು. ಮುಂದಿನ ಸೀಟು ತನಗೇ ಅಂತ ಚಿಕ್ಕ ಮಗಳು ಆಗಲೇ ಜಗಳ ತೆಗೆದಿದ್ದಳು. ಅದನ್ನು ಕೇಳಿ ತಡೆಯಲಾಗಲಿಲ್ಲ.

"ಅವ್ವಾ, ಚರಿಗಿ ಇಲ್ಲಿ ಕೊಡ್ರಿ. ನಾ ಹಾಕ್ತೀನಿ."

ಗಾಡಿಯ ಮುಂದೆ, ಎರಡೂ ಬದಿಯ ಚಕ್ರಕ್ಕೆ ಸಿಗುವಂತೆ ಕೆಂಪು ನೀರನ್ನು ರಸ್ತೆಗೆ ಅಡ್ಡಲಾಗಿ ಚೆಲ್ಲಿದೆ.

"ಅಣ್ಣಾ, ಗಾಡಿ ಇನ್ನೂ ನಿಮ್ದು. ನಿಮ್ಮ ಕೈಯಿಂದನ ಹಣ್ಣು ದಾಟಿಸಿ ಕೊಡ್ರಿ. ಸೀದಾ ಗುಡಿ ಬಾಗಲ ತನಕ."

ನಾಲ್ಕು ಜನರೆದುರು ಹಿರಿತನ ಸಿಕ್ಕರೆ ಯಾರು ಬಿಡುತ್ತಾರೆ? ಮೀಸೆ ತೀಡಿಕೊಂಡು ಹತ್ತಿದ. ಹಣ್ಣುಗಳು ಪಚಕ್ಕೆಂದವು. ಒಣ ಕಾಂಕ್ರೀಟಿನ ಮೇಲೆ ಗಾಡಿ ನೆಟ್ಟಗೆ ಹೋಗಿ ನಿಂತಿತು.

ಹಿಂದೆ ಕೆಂಪು ಗೆರೆಗಳು ಬಿದ್ದಿದ್ದವು.

ಸುಕನ್ಯಾ ಬಗ್ಗಿ ನೋಡಿದಳು. "ಇದೇನ್ರಿ... ಹಿಂದಿನ ಗಾಲಿ ಮುಂದಿನ ಗಾಲಿ ಗೆರಿ ಮ್ಯಾಲೇ ಬರಬೇಕಲ್ಲ? ಎರಡು ಬೀಳೋ ಕಡಿ ನಾಕು ಬಿದ್ದಾವ."

ನಾಗಲಿಂಗಮ್ಮ ಸೆರಗಿನ ಗಂಟನ್ನು ಮತ್ತೆ ಬಿಗಿದಳು. "ಸೊಂಟ ಮುರಿದ ಎತ್ತು ಹಿಂಗ ನಡೀತತಿ. ನಮಗಿದು ಬ್ಯಾಡ. ನಡಿಯವಾ, ಊರಿಗೆ ಹೋಗೂಣು."

ಪಾಲಾಕ್ಷಪ್ಪ ಇಳಿದು ನೇರ ನನ್ನ ಹತ್ತಿರ ಬಂದ. ನಾನು ಖಾಲಿ ಚರಿಗೆಯನ್ನು ಎದೆಗೆ ಹಿಡಿದುಕೊಂಡೆ.

"ನಾ ಒಂದು ಮಾತೂ ಆಡಿಲ್ರಿ ಅಣ್ಣಾ."

ಅವನು ನೆಲ ನೋಡಿದ. ನನ್ನನ್ನು ನೋಡಿದ. ಗಾಡಿ ಹತ್ತಿ ಕೂಡ್ಲಿಗಿ ಕಡೆ ಹೋದ... ಅದೇ ಹೆಚ್ಚು ಭಯ ಹುಟ್ಟಿಸಿತು.

ಮರುದಿನದಿಂದ ಮಗಳನ್ನು ನಾನೇ ಬೈಕಿನಲ್ಲಿ ಕಾಲೇಜಿಗೆ ಬಿಡತೊಡಗಿದೆ, ಕನ್ನಡಿಯಲ್ಲಿ ಹಿಂದೆ ನೋಡುತ್ತಾ. ವಾರವಾದ ಮೇಲೆ ಫೋನ್ ಬಂತು. ಅದೇ ದನಿ.

"ಹರಪನಹಳ್ಳ್ಯಾಗ ನನ್ನ ಹೆಂಡ್ತಿಗೆ ಒಂದು ಹಳೇ ಕಾರು ತಗೊಳ್ಳಾಕತ್ತೀನಿ. ಬಂದು ನೋಡು. ಬ್ಯಾರೆ ಯಾರ ಮ್ಯಾಲೂ ನಂಬಿಕಿ ಇಲ್ಲ."

ಹೋಗುತ್ತೇನೆ. ಹೋಗದಿದ್ದರೆ ಅವನೇ ಬರುತ್ತಾನೆ.

ಆದರೆ ಟೆಸ್ಟ್ ಡ್ರೈವ್‌ಗೆ ಈ ಸಲ ಅವನು ಓಡಿಸಲಿ, ಹಿಂದಿನ ಸೀಟಿನಲ್ಲಿ ನಾನು ಕೂರುತ್ತೇನೆ.